ಟ್ರೂಡಿ ಹುಡುಕಿದ ಜಾಗ

ಬೇಸಿಗೆಯಲ್ಲಿ ಕಾಡಿನಲ್ಲೇ ಬದುಕುವ ನಮ್ಮಂಥವರ ನಡುವೆ ಲವೋನ್ ಬೀಚಮ್‌ಳನ್ನು ತಿಳಿಯದವರಿರಲಿಲ್ಲ. ಕೊಲರಾಡೊದ ಪಶ್ಚಿಮದ ಬೆಟ್ಟಗಳಲ್ಲಿ ದುಡ್ಡು ಕೊಡದೆ ಬಿಡಾರ ಹೂಡುವ ಜಾಗಗಳು ಎಲ್ಲೆಲ್ಲಿವೆ ಎನ್ನುವುದು ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ. ಸರ್ಕಾರಿ ಕಾಡು, ಎರಡು ವಾರ ಒಂದು ಕಡೆ ಇರಬಹುದು, ಆಮೇಲೆ ಎದ್ದು ಇನ್ನೊಂದು ಕಡೆ ಹೋಗಬೇಕು. ಕೇಳುವುದಕ್ಕೆ ಸುಲಭವೇ. ಆದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆ, ಅಂದರೆ ಟ್ರೈಲರ್, ತಿರುಗಿಸಲು ಬೇಕಾದಷ್ಟು ಅಗಲವಿರಬೇಕು, ಮಲಗಿದರೆ ಕಾಲಿಗಿಂತ ತಲೆ ಕೆಳಗಾಗದಷ್ಟು ಮಟ್ಟಸವಿರಬೇಕು, ಮೇಲೆ ಒಣಗಿ ನಿಂತ ಮರ ಇರಬಾರದು, ನೀರು ಹತ್ತಿರವಿರಬೇಕು, ಜನ ದೂರವಿರಬೇಕು. ಇಷ್ಟೆಲ್ಲ ಕೂಡಿಬಂದ ಜಾಗ ಸಿಕ್ಕಿದವನು ಅದನ್ನು ಖಾಸಾ ಅಣ್ಣತಮ್ಮಂದಿರಿಗೂ ಹೇಳುವುದಿಲ್ಲ.

ಲವೋನ್ ನಿವೃತ್ತಿಯಾಗುವ ತನಕ ಜಿಲ್ಲೆಯ ರಸ್ತೆ ಕಚೇರಿಯಲ್ಲಿ ನಕ್ಷೆಗಳನ್ನು ನೋಡಿಕೊಳ್ಳುತ್ತಿದ್ದವಳು. ಹಳೆಯ ಮರದ ಲಾರಿಗಳ ದಾರಿ, ಮುಚ್ಚಿಹೋದ ಗಣಿಗಳ ದಾರಿ, ಯಾವ ಸೇತುವೆ ಗಟ್ಟಿ, ಯಾವ ತಿರುವಿನಲ್ಲಿ ಮಣ್ಣು ಕುಸಿದಿದೆ, ಎಲ್ಲವೂ ಅವಳ ತಲೆಯಲ್ಲಿತ್ತು. ಅವಳ ಜೊತೆಗೆ ಇರುತ್ತಿದ್ದವಳು ತಂಗಿ ಟ್ರೂಡಿ ಮ್ಯಾಡಕ್ಸ್. ಅಕ್ಕನಿಗಿಂತ ತುಂಬಾ ಚಿಕ್ಕವಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ಸೊಂಟ ನೋವು ತಂದುಕೊಂಡವಳು, ಗಂಡ ಬಿಟ್ಟುಹೋದ ಮೇಲೂ ಗಂಡನ ಮನೆಹೆಸರನ್ನು ಬಿಡದವಳು. ತಾಯಿ ತೀರಿಕೊಂಡು ಮನೆ ಮಾರಾಟವಾದ ಮೇಲೆ ಅಕ್ಕತಂಗಿಯರಿಗೆ ಉಳಿದದ್ದು ಒಂದು ಟ್ರೈಲರ್, ಒಂದು ಪಿಕಪ್. ಟ್ರೈಲರ್ ಲವೋನ್‌ಳದು, ಪಿಕಪ್ ಟ್ರೂಡಿಯದು. ಅಕ್ಕ ದಾರಿ ಹೇಳಬೇಕು, ತಂಗಿ ಎಳೆಯಬೇಕು. ಇಬ್ಬರೂ ಹೀಗೆ ಒಬ್ಬರಿಗೊಬ್ಬರು ಕಟ್ಟಿಬಿದ್ದಿದ್ದರು.

ಲವೋನ್ ಪಕ್ಕದ ಸೀಟಿನಲ್ಲಿ ನಕ್ಷೆ ಹರಡಿಕೊಂಡು ಕೂತಳೆಂದರೆ ಟ್ರೂಡಿಯ ಕಿವಿಗೆ ಬಿಡುವಿರುತ್ತಿರಲಿಲ್ಲ.

"ಎಡಕ್ಕೆ. ಎಡ ಅಂದ್ರೆ ಯಾವ್ದು ಅಂತ ಗೊತ್ತಲ್ಲ? ಫೋರ್ಕ್ ಹಿಡಿಯೋ ಕೈ."

"ಗೊತ್ತು, ವೋನಿ."

"ಗೊತ್ತಿದ್ರೆ ಯಾಕೆ ಬಲಕ್ಕೆ ವಾಲ್ತಿದೆ ಗಾಡಿ? ಅಯ್ಯೋ ದೇವ್ರೇ, ಆ ಶಾಲೆ ಮಕ್ಕಳ ಊಟಕ್ಕೆ ನೀನು ಉಪ್ಪು ಹಾಕ್ತಿದ್ಯೋ ಸಕ್ಕರೆ ಹಾಕ್ತಿದ್ಯೋ."

ಟ್ರೂಡಿ ನಗುತ್ತಿದ್ದಳು. ಅವಳಿಗೆ ಬರುತ್ತಿದ್ದ ಒಂದೇ ಉತ್ತರ ಅದು. ನಕ್ಷೆ ನೋಡುವುದನ್ನು ಕಲಿಸು ಎಂದು ಒಂದೆರಡು ಸಲ ಕೇಳಿದ್ದಳಂತೆ. "ನಿನ್ನ ತಲೆಗೆ ಅದೆಲ್ಲ ಯಾಕೆ ಭಾರ" ಎಂದು ಲವೋನ್ ನಕ್ಷೆಯನ್ನು ಮಡಚಿ ಸೀಟಿನ ಕೆಳಗೆ ಇಟ್ಟುಬಿಟ್ಟಿದ್ದಳು.

ಆ ವರ್ಷ ಆಗಸ್ಟಿನ ಕೊನೆಗೆ ನಾವು ಕೆಲವರು ಮ್ಯೂಲ್ ಕ್ರೀಕ್‌ನ ಕೆಳಗಿನ ಹುಲ್ಲುಬಯಲಿನಲ್ಲಿ ಒಟ್ಟಿಗೆ ಇದ್ದೆವು. ಹಾಲಿಸ್ ಗ್ಯಾರಿಕ್ ಅಲ್ಲಿಗೆ ಬಂದದ್ದು ಆಗಲೇ. ಹೆಂಡತಿ ಸತ್ತ ಮೇಲೆ ಹಸಿರು ಬಣ್ಣದ ವ್ಯಾನ್ ಒಂದರಲ್ಲಿ ಊರೂರು ಸುತ್ತುತ್ತಿದ್ದ ಮನುಷ್ಯ. ದೊಡ್ಡ ಹೊಟ್ಟೆ, ದೊಡ್ಡ ನಗು. ಹುರುಳಿಕಾಯಿ ಬೀಜವನ್ನು ಹಸಿಮೆಣಸಿನಕಾಯಿ ಹಾಕಿ ಬೇಯಿಸಿ ಎಲ್ಲರಿಗೂ ಹಂಚುತ್ತಿದ್ದ, ಇಸ್ಪೀಟಿನಲ್ಲಿ ಬೇಕೆಂದೇ ಸೋಲುತ್ತಿದ್ದ. ಸೋಲುತ್ತಿದ್ದದ್ದು ಟ್ರೂಡಿಯ ಎದುರಿಗೆ ಮಾತ್ರ. ನಮಗೆಲ್ಲ ಅದು ಕಂಡಿತು, ಲವೋನ್‌ಗೂ ಕಂಡಿತು.

ಒಂದು ಸಂಜೆ ಬೆಂಕಿಯ ಸುತ್ತ ಕೂತಿದ್ದಾಗ ಲವೋನ್ ಬಾಯಿ ತೆರೆದಳು.

"ಹಾಲಿಸ್, ನಮ್ಮ ಟ್ರೂಡ್‌ನ ಗಂಡ ಹೆಂಗೆ ಬಿಟ್ಟುಹೋದ ಅಂತ ಹೇಳಿದ್ದಾಳಾ ನಿಮ್ಗೆ?"

"ವೋನಿ, ಬೇಡ" ಎಂದಳು ಟ್ರೂಡಿ.

"ಬೇಡ ಯಾಕೆ, ಚೆನ್ನಾಗಿದೆ ಕಥೆ. ಇಬ್ರೂ ಟೆಕ್ಸಾಸ್‌ಗೆ ಹೊರಟಿದ್ರು. ದಾರೀಲಿ ಪೆಟ್ರೋಲ್ ಬಂಕ್ ಹತ್ರ ನಿಲ್ಸಿದ್ರು. ಇವ್ಳು ಒಳಗೆ ಹೋಗಿ ಕಾಫಿ ತಗೊಂಡು ಹೊರಗೆ ಬಂದ್ರೆ ಕಾರೂ ಇಲ್ಲ, ಗಂಡನೂ ಇಲ್ಲ. ಇವ್ಳು ಏನು ಮಾಡಿದ್ಲು ಗೊತ್ತಾ? ಕಾದ್ಲು! ಸಾಯಂಕಾಲದ ತನಕ ಕಾದ್ಲು! ಅವನ ಕಾಫಿ ಕೈಯಲ್ಲಿ ಹಿಡ್ಕೊಂಡು! ಬಂಕಿನ ಹುಡುಗ ಬಂದು, ಮೇಡಂ ಆ ಕಾಫಿ ಬಿಸಿ ಮಾಡಿಕೊಡ್ಲಾ ಅಂತ ಕೇಳಿದ್ನಂತೆ!"

ನಾವೆಲ್ಲ ನಕ್ಕೆವು. ಲವೋನ್ ಹೇಳುವ ರೀತಿಯೇ ಹಾಗಿತ್ತು, ನಗದೆ ಇರುವುದಕ್ಕೆ ಆಗುತ್ತಿರಲಿಲ್ಲ. ಹಾಲಿಸ್ ಕೂಡ ನಕ್ಕ. ಟ್ರೂಡಿಯೂ ನಕ್ಕಳು, ಆಮೇಲೆ ಸೌದೆ ತರುತ್ತೇನೆಂದು ಎದ್ದುಹೋದವಳು ಮತ್ತೆ ಬೆಂಕಿಯ ಹತ್ತಿರ ಬರಲಿಲ್ಲ.

ಬೆಳಿಗ್ಗೆ ಹಾಲಿಸ್ ಎರಡು ಲೋಟ ಕಾಫಿ ಹಿಡಿದುಕೊಂಡು ಅವಳ ಪಿಕಪ್ ಹತ್ತಿರ ಹೋದ. ಕೈಯಲ್ಲಿ ಕಾಫಿ ಇರುವುದು ಅರ್ಧ ದಾರಿಯಲ್ಲಿ ಹೊಳೆದು, ಲೋಟಗಳನ್ನು ಅಲ್ಲೇ ಒಂದು ಬಂಡೆಯ ಮೇಲೆ ಇಟ್ಟು ಬರಿಗೈಯಲ್ಲಿ ಹೋದ.

"ನಿನ್ನೆ ನಕ್ಕಿದ್ದು ತಪ್ಪಾಯ್ತು" ಎಂದ.

"ಎಲ್ರೂ ನಗ್ತಾರೆ" ಎಂದಳು ಟ್ರೂಡಿ. "ನಂಗೇ ನಗು ಬರುತ್ತೆ."

"ಚಳಿಗಾಲಕ್ಕೆ ನಾನು ಅರಿಜೋನಾಗೆ ಹೋಗ್ತೀನಿ. ಮರುಭೂಮಿ, ಬಿಸಿಲು, ಬಾಡಿಗೆ ಇಲ್ಲ. ವ್ಯಾನಲ್ಲಿ ಇಬ್ರಿಗೆ ಜಾಗ ಇದೆ. ಈಗ್ಲೇ ಹೇಳ್ಬೇಕು ಅಂತಿಲ್ಲ."

ಅದೇ ದಿನ ಟ್ರೂಡಿ, ಮುಂದಿನ ಬಿಡಾರಕ್ಕೆ ಜಾಗ ಹುಡುಕಲು ತಾನೊಬ್ಬಳೇ ಹೋಗುತ್ತೇನೆ ಎಂದು ಅಕ್ಕನ ಮುಂದೆ ನಿಂತಳು.

ಲವೋನ್ ನಕ್ಷೆಯ ಮೇಲಿಂದ ಕಣ್ಣೆತ್ತಲಿಲ್ಲ. "ಹೋಗು. ರೇಂಜರ್‌ಗಳಿಗೆ ಹೇಳಿಟ್ಟಿರ್ತೀನಿ, ಕಾಣೆಯಾದೋರನ್ನ ಹುಡ್ಕೋ ನಾಯಿ ರೆಡಿ ಇಟ್ಕೊಳ್ಳಿ ಅಂತ."

"ನಕ್ಷೆ ಕೊಡ್ತೀಯಾ?"

"ನಂಗೆ ಬೇಕು."

ನಕ್ಷೆಯಿಲ್ಲದೆ ಹೋದಳು. ಮೊದಲು ಹಿಡಿದ ದಾರಿ ಯಾರದೋ ಬೇಲಿಯ ಮುಂದೆ ನಿಂತಿತು. ನಾಯಿಯೊಂದಿಗೆ ಹೊರಬಂದ ಮನುಷ್ಯ "ಬೋರ್ಡ್ ಓದೋಕೆ ಬರಲ್ವಾ, ಅಜ್ಜಿ?" ಎಂದು ಕೂಗಿದ. ಎರಡನೆಯದರ ಕೊನೆಯಲ್ಲಿ ಬಿಯರ್ ಡಬ್ಬಿಗಳು, ಖಾಲಿ ತೋಟಾಗಳು, ಗುಂಡು ಹೊಡೆಸಿಕೊಂಡ ಒಂದು ಸೋಫಾ. ಮೂರನೆಯದರಲ್ಲಿ ಹಿಂದಿನ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಸಲಿಕೆಯಿಂದ ಅಗೆದು, ಟೊಂಗೆ ಮುರಿದು ಚಕ್ರದಡಿ ತುರುಕಿ, ಅತ್ತು, ಮತ್ತೆ ಅಗೆದು ಗಾಡಿಯನ್ನು ಹೊರಗೆ ತೆಗೆದಳು. ಮತ್ತೆ ಹೂತುಹೋಗುವ ಭಯಕ್ಕೆ ಪಿಕಪ್ಪನ್ನು ರಸ್ತೆಬದಿಗೆ ನಿಲ್ಲಿಸಿ ನಡೆದೇ ನೋಡೋಣವೆಂದು ಹೊರಟಳು. ಮರದ ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಹುಲ್ಲಿನಲ್ಲಿ ಎರಡು ಚಕ್ರದ ಗೆರೆಗಳು ಕಂಡವು. ತೀರ ಹಳೆಯವು, ಬಿಸಿಲು ಓರೆಯಾಗಿ ಬೀಳದಿದ್ದರೆ ಕಾಣುತ್ತಲೇ ಇರಲಿಲ್ಲ.

ಗೆರೆಗಳ ಹಿಂದೆಯೇ ಹೋದರೆ ಆಸ್ಪೆನ್ ಮರಗಳ ನಡುವೆ ತೆರಪಾದ ಜಾಗ. ನೆಲ ಮೇಜಿನಂತೆ ಮಟ್ಟಸ. ಕಲ್ಲು ಜೋಡಿಸಿದ ಹಳೆಯ ಒಲೆ, ಅದರೊಳಗೆ ಹುಲ್ಲು ಬೆಳೆದಿತ್ತು. ಬಂಡೆಯ ಸಂದಿಯಿಂದ ಬೆರಳು ಗಾತ್ರದ ನೀರು ಸುರಿಯುತ್ತಿತ್ತು. ಪೂರ್ವಕ್ಕೆ ಕಣಿವೆ ತೆರೆದುಕೊಂಡಿತ್ತು. ಟ್ರೂಡಿ ನೆಲದ ಮೇಲೆ ಮಲಗಿ ನೋಡಿದಳು. ತಲೆ ಎಲ್ಲಿಟ್ಟರೂ ನೇರ.

ಎರಡು ವಾರ ಮುಗಿಯುತ್ತಲೇ ಟ್ರೈಲರನ್ನು ಅಲ್ಲಿಗೆ ಎಳೆದಳು. ಲವೋನ್ ಗಾಡಿಯಿಂದ ಇಳಿಯಲೇ ಇಲ್ಲ. ಗಾಜು ಇಳಿಸಿ ಸುತ್ತ ನೋಡಿದಳು. ಒಣಮರ ಹುಡುಕಿದಳು, ಇರಲಿಲ್ಲ. ಇಳಿಜಾರು ಹುಡುಕಿದಳು, ಇರಲಿಲ್ಲ.

"ಸೊಳ್ಳೆ ಇರುತ್ತೆ" ಎಂದಳು.

ಸೊಳ್ಳೆಯೂ ಇರಲಿಲ್ಲ.

ಟ್ರೂಡಿ ಬದಲಾದದ್ದು ಅಲ್ಲಿ. ಸಿಳ್ಳೆ ಹಾಕುತ್ತ ಪಾತ್ರೆ ತೊಳೆದಳು. ಕುರ್ಚಿ ಎಲ್ಲಿಡಬೇಕು ಎಂದು ಅಕ್ಕನನ್ನು ಕೇಳದೆ ತನಗೆ ಬೇಕಾದ ಕಡೆ ಇಟ್ಟಳು. ಒಂದು ಬೆಳಿಗ್ಗೆ ಕಣಿವೆ ನೋಡುತ್ತ, "ಇಷ್ಟು ವರ್ಷ ಆ ನಕ್ಷೆ ನೋಡಿದ್ಯಲ್ಲ ವೋನಿ, ಇದು ನಿನ್ನ ಕಣ್ಣಿಗೆ ಬೀಳ್ಲೇ ಇಲ್ವಾ?" ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಅಕ್ಕನಿಗೆ ಕೊಟ್ಟ ಮೊದಲ ಏಟು ಅದು. ಕೊಟ್ಟ ಮೇಲೆ ಅದರ ರುಚಿಯೂ ಹತ್ತಿತು.

"ಶನಿವಾರ ಹಾಲಿಸ್ ಊಟಕ್ಕೆ ಬರ್ತಾನೆ" ಎಂದಳು ಇನ್ನೊಂದು ದಿನ. "ಚಳಿಗಾಲಕ್ಕೆ ಅವನ ಜೊತೆ ಹೋಗೋಣ ಅಂತಿದೀನಿ. ಅದನ್ನ ಅವನಿಗೆ ಹೇಳ್ಬೇಕು."

"ಟ್ರೈಲರ್?"

"ಟೌನ್ ತನಕ ಎಳೆದು ನಿಲ್ಸಿ ಹೋಗ್ತೀನಿ."

"ನಾನು?"

"ನಿಂಗೆ ದಾರಿ ಎಲ್ಲಾ ಗೊತ್ತಲ್ಲ" ಎಂದಳು ಟ್ರೂಡಿ.

ಶುಕ್ರವಾರ ಇಬ್ಬರೂ ದಿನಸಿಗೆಂದು ಕಾರ್ವರ್ ಪಟ್ಟಣಕ್ಕೆ ಇಳಿದರು. ಟ್ರೂಡಿ ಅಂಗಡಿಯೊಳಗೆ ಪೀಚ್ ಹಣ್ಣು ಆರಿಸುತ್ತಿದ್ದಳು. ಮಂಡಿನೋವಿನ ಲವೋನ್ ಪಿಕಪ್ಪಿನಲ್ಲೇ ಕೂತಿದ್ದಳು. ಹಸಿರು ವ್ಯಾನ್ ಬಂದು ಪಕ್ಕದಲ್ಲಿ ನಿಂತಿತು. ಹಾಲಿಸ್ ಟೋಪಿ ತೆಗೆದು ಕಿಟಕಿಗೆ ಬಾಗಿದ.

"ನಾಳೆ ಬರ್ತಿದೀನಿ, ಲವೋನ್. ಸೇತುವೆ ದಾಟಿ ಎಡಕ್ಕೆ ಅಂತ ಹೇಳಿದ್ಲು, ಸರಿ ತಾನೆ?"

ಲವೋನ್ ಅವನ ಮುಖ ನೋಡಿದಳು. "ಸೇತುವೆ ಹಲಗೆ ಮುರಿದಿದೆ, ಹಾಲಿಸ್. ನಾವೇ ಕಷ್ಟಪಟ್ಟು ದಾಟಿದ್ವಿ. ನಿಮ್ಮ ವ್ಯಾನ್ ಭಾರ. ಮೇಲಿನ ಗಣಿ ದಾರೀಲಿ ಬನ್ನಿ. ಸ್ವಲ್ಪ ಸುತ್ತು, ಆದ್ರೆ ಒಳ್ಳೆ ದಾರಿ."

"ದೊಡ್ಡ ಉಪಕಾರ ಆಯ್ತು."

"ಸಾಯಂಕಾಲ ಬನ್ನಿ. ಬೇಗ ಬಂದ್ರೆ ಅವ್ಳ ಅಡುಗೆ ಆಗಿರಲ್ಲ, ಗಾಬರಿಯಾಗ್ತಾಳೆ."

ಗಣಿ ದಾರಿಯಲ್ಲಿ ಒಂದು ತಿರುವಿನ ಹೊರಗಡೆ ಅಂಚು ಹಿಂದಿನ ವರ್ಷದ ಮಳೆಗೆ ಕೊಚ್ಚಿಹೋಗಿತ್ತು. ಲವೋನ್‌ಗೆ ಅದು ಗೊತ್ತಿತ್ತು. ಅವನು ಅದನ್ನು ನೋಡಿ, ಹೆದರಿ, ವಾಪಸು ಹೋಗಲಿ ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು ಎಂದು ನಮ್ಮಲ್ಲಿ ಕೆಲವರು ಈಗಲೂ ಹೇಳುತ್ತಾರೆ. ಹಾಗಾದರೆ ಮಬ್ಬುಗತ್ತಲಾಗುವ ಹೊತ್ತಿಗೆ ಬಾ ಎಂದದ್ದೇಕೆ ಎಂದು ಕೇಳಿದರೆ ಅವರು ಮಾತು ಬದಲಿಸುತ್ತಾರೆ.

ಶನಿವಾರ ಟ್ರೂಡಿ ಕೂದಲು ತೊಳೆದುಕೊಂಡಳು. ಕೆಂಡದ ಮೇಲೆ ಕಬ್ಬಿಣದ ಪಾತ್ರೆಯಿಟ್ಟು ಪೀಚ್ ಪೈ ಬೇಯಿಸಿದಳು. ಮೂರು ತಟ್ಟೆ ಇಟ್ಟಳು. ಸೂರ್ಯ ಮುಳುಗಿದ. ದಾರಿಯ ಕಡೆ ನೋಡಿದಳು, ಕೆಂಡ ಕೆದಕಿದಳು, ಮತ್ತೆ ನೋಡಿದಳು. ಕೆಂಡದ ಮೇಲೆ ಬೂದಿ ಕಟ್ಟಿದ ಮೇಲೂ ಕೂತೇ ಇದ್ದಳು.

ಲವೋನ್ ತನ್ನ ತಟ್ಟೆಗೆ ಒಂದು ತುಂಡು ಹಾಕಿಕೊಂಡು ತಿಂದಳು. "ಪೈ ಚೆನ್ನಾಗಿದೆ" ಎಂದಳು. ಇನ್ನೊಂದು ತುಂಡು ಹಾಕಿಕೊಂಡಳು. "ಬಿಸಿ ಮಾಡಿಕೊಡ್ಲಾ, ಮೇಡಂ?"

ಟ್ರೂಡಿ ಪಾತ್ರೆಯನ್ನು ತೆಗೆದುಕೊಂಡುಹೋಗಿ ಉಳಿದ ಪೈಯನ್ನು ಪೊದೆಗೆ ಸುರಿದು ಬಂದು ಮಲಗಿದಳು. ಮುಂದಿನ ದಿನಗಳಲ್ಲಿ ಅವಳ ಸಿಳ್ಳೆ ನಿಂತಿತು. ಕುರ್ಚಿ ಮತ್ತೆ ಲವೋನ್ ಹೇಳಿದ ಕಡೆಗೆ ಬಂತು. ಎರಡು ವಾರ ಕಳೆದರೂ ಆ ಮೂಲೆಗೆ ಯಾರೂ ಬಂದು ಏಳಿ ಎನ್ನಲಿಲ್ಲವಾದ್ದರಿಂದ ಅಲ್ಲೇ ಉಳಿದರು. ಆಸ್ಪೆನ್ ಎಲೆಗಳು ಹಳದಿಯಾಗಿ ಉದುರಿದವು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬಂದವರ ಗುಂಡಿನ ಸದ್ದು ಕೇಳತೊಡಗಿತು. ಟ್ರೈಲರ್ ಒಳಗಿನ ಹೀಟರಿನ ಗ್ಯಾಸ್ ಮುಗಿಯುತ್ತ ಬಂದಾಗ ಟ್ರೂಡಿ ಖಾಲಿ ಸಿಲಿಂಡರುಗಳನ್ನು ಪಿಕಪ್ಪಿಗೆ ಹಾಕಿಕೊಂಡು ಒಬ್ಬಳೇ ಕಾರ್ವರ್‌ಗೆ ಹೋದಳು. ಮಂಡಿ ಊದಿದ್ದರಿಂದ ಲವೋನ್ ಹೊರಡಲಿಲ್ಲ. "ಬೇಗ ಬಾ. ಆಕಾಶ ನೋಡು, ಹಿಮ ಬೀಳೋ ಹಾಗಿದೆ" ಎಂದಷ್ಟೇ ಹೇಳಿದಳು.

ಸಿಲಿಂಡರ್ ತುಂಬಿಸಿಕೊಂಡು, ಬಟ್ಟೆ ಒಗೆಯುವ ಅಂಗಡಿಯಲ್ಲಿ ಮಷಿನ್ ಮುಗಿಯಲೆಂದು ಕಾಯುತ್ತಿದ್ದಾಗ ಪಕ್ಕದ ಹೆಂಗಸು ಮಾತು ತೆಗೆದಳು. ಹೋದ ತಿಂಗಳು ಗಣಿ ದಾರಿಯಿಂದ ಹಸಿರು ವ್ಯಾನ್ ಉರುಳಿತ್ತಂತೆ. ಒಳಗೆ ಸಿಕ್ಕಿಕೊಂಡ ಮುದುಕ ಒಂದು ಇಡೀ ರಾತ್ರಿ, ಮಾರನೆಯ ಹಗಲು ಕೂಗುತ್ತಲೇ ಇದ್ದನಂತೆ. ಬೇಟೆಯವರು ಮೊದಲು ಅದನ್ನು ಯಾವುದೋ ಪ್ರಾಣಿ ಎಂದುಕೊಂಡರಂತೆ. ಈಗಲೂ ಇಲ್ಲಿನ ಆಸ್ಪತ್ರೆಯಲ್ಲೇ ಇದ್ದಾನಂತೆ.

ಟ್ರೂಡಿ ಒದ್ದೆ ಬಟ್ಟೆಯನ್ನು ಮಷಿನ್ನಿನಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.

ಹಾಲಿಸ್‌ನ ಸೊಂಟದ ಮೂಳೆ ಮುರಿದಿತ್ತು. ಹೊಟ್ಟೆ ಕರಗಿ ಹೋಗಿತ್ತು. ಅವನ ಮಗ ನೆಬ್ರಾಸ್ಕಾದಿಂದ ಬಂದು ಸಾಮಾನು ಕಟ್ಟುತ್ತಿದ್ದ. ಟ್ರೂಡಿಯನ್ನು ನೋಡಿ ಹಾಲಿಸ್ ನಗಲಿಲ್ಲ.

"ನೀವು ಬರ್ಲಿಲ್ಲ ಅಂದ್ಕೊಂಡೆ" ಎಂದಳು ಅವಳು.

"ಬಂದಿದ್ದೆ. ನಿಮ್ಮಕ್ಕ ಹೇಳಿದ ದಾರೀಲೇ ಬಂದೆ. ಸೇತುವೆ ಮುರಿದಿದೆ, ಮೇಲಿನ ದಾರಿ ಒಳ್ಳೇದು ಅಂದ್ರು."

"ಸೇತುವೆಗೆ ಏನೂ ಆಗಿಲ್ಲ, ಹಾಲಿಸ್."

"ಈಗ ಗೊತ್ತಾಯ್ತು." ಅವನು ಚಾವಣಿಯ ಕಡೆ ನೋಡಿ ಮುಂದುವರಿಸಿದ. "ಅಲ್ಲಿ ಬಿದ್ದಿದ್ದಾಗ ನಿಮ್ಮ ಹೆಸರೇ ಕೂಗಿದ್ದು ನಾನು. ಇಷ್ಟು ಹತ್ರ ಇದೀನಿ, ಕೇಳಿಸ್ದೆ ಇರುತ್ತಾ ಅಂತ."

ಟ್ರೂಡಿ ಅವನ ಕೈ ಹಿಡಿಯಲು ಹೋದಳು. ಅವನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

"ನೀವು ಏನೂ ಮಾಡಿಲ್ಲ, ಗೊತ್ತು. ಆದ್ರೂ ನಿಮ್ಮ ಮುಖ ನೋಡಿದ್ರೆ ಅದೇ ನೆನಪಾಗುತ್ತೆ. ಹೋಗಿ, ಟ್ರೂಡಿ."

ಅವಳು ಹೊರಗೆ ಬಂದು ಪಿಕಪ್ಪಿನಲ್ಲಿ ಕೂತಳು. ಬೆಟ್ಟದ ನೆತ್ತಿ ಆಗಲೇ ಮೋಡದಲ್ಲಿ ಮುಚ್ಚಿತ್ತು. ಹಿಂದೆ ತುಂಬಿದ ಸಿಲಿಂಡರುಗಳಿದ್ದವು, ಹಿಮದಲ್ಲಿ ಜಾರದಂತೆ ಟೈರಿಗೆ ಕಟ್ಟುವ ಸರಪಳಿ ಇತ್ತು, ಬ್ರೆಡ್ಡು ಹಾಲು ಇತ್ತು. ಆ ದಿನ ಅವಳು ಬೆಟ್ಟ ಹತ್ತಲಿಲ್ಲ. ಚರ್ಚಿನ ಹಿಂದಿನ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿ ಬ್ರೆಡ್ಡು ತಿಂದು ಅಲ್ಲೇ ಮಲಗಿದಳು. ಮಾರನೆಯ ದಿನವೂ ಅಲ್ಲೇ ಇದ್ದಳು. ಹಿಮ ಬೀಳುವುದನ್ನು ಗಾಜಿನೊಳಗಿಂದ ನೋಡಿದಳು.

ಅದರ ಮಾರನೆಯ ದಿನ ಮಧ್ಯಾಹ್ನ ಹೊರಟಳು. ಸೇತುವೆಯ ತನಕ ಹೋಗಲು ಸಾಧ್ಯವಾಯಿತು. ಅಲ್ಲಿಂದ ಮುಂದೆ ಹಿಮ ಮೊಣಕಾಲು ಮುಳುಗುವಷ್ಟಿತ್ತು. ಸರಪಳಿ ಕಟ್ಟಿದ್ದರೆ ದಾಟಬಹುದಿತ್ತು. ಅವಳು ಇಳಿಯಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತು, ಒಂದು ಸಲ ಹಾರ್ನ್ ಹೊಡೆದಳು. ಉದ್ದಕ್ಕೆ. ಇನ್ನೊಂದು ಸಲ ಹೊಡೆದಳು. ಆಮೇಲೆ ಗಾಡಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿಕೊಂಡು ಕೆಳಗೆ ಇಳಿದಳು.

ಮೇಲೆ ಲವೋನ್‌ಗೆ ಹಾರ್ನ್ ಕೇಳಿಸಿತು. ಗ್ಯಾಸ್ ಹಿಂದಿನ ದಿನವೇ ಮುಗಿದಿತ್ತು. ಇದ್ದ ಹೊದಿಕೆಗಳನ್ನೆಲ್ಲ ಸುತ್ತಿಕೊಂಡು ಕೂತಿದ್ದವಳು ಎದ್ದಳು. ಗಾಡಿ ಹೂತಿರಬೇಕು, ಸಿಲಿಂಡರ್ ಹೊತ್ತು ತರಲು ಕರೆಯುತ್ತಿದ್ದಾಳೆ ಎಂದುಕೊಂಡಳು. ಅವಳ ದಪ್ಪ ಬೂಟು ಪಿಕಪ್ಪಿನಲ್ಲಿತ್ತು. ಕ್ಯಾನ್ವಾಸ್ ಶೂ ಹಾಕಿಕೊಂಡು, ಊದಿದ ಮಂಡಿಯನ್ನು ಎಳೆಯುತ್ತ, "ಬಂದೆ ಟ್ರೂಡ್, ಬಂದೆ, ಗದ್ದಲ ಮಾಡ್ಬೇಡ" ಎಂದು ಕೂಗುತ್ತ ಹಿಮದಲ್ಲಿ ಇಳಿದಳು. ಎಷ್ಟು ಸಲ ಬಿದ್ದಳೋ. ಸೇತುವೆಯ ಹತ್ತಿರ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಟೈರಿನ ಗುರುತುಗಳು ಬಂದು, ತಿರುಗಿ, ಹೋಗಿದ್ದವು. ಅಷ್ಟು ವರ್ಷ ರಸ್ತೆಗಳನ್ನು ಓದಿದವಳಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ.

ಟ್ರೂಡಿ ಕಾರ್ವರ್‌ಗೆ ಹೋಗಿ, ಮೇಲೆ ಒಬ್ಬ ಹೆಂಗಸು ಸಿಕ್ಕಿಕೊಂಡಿರಬಹುದು ಎಂದು ಶೆರಿಫ್ ಕಚೇರಿಯಲ್ಲಿ ಹೇಳಿದಳು. ಹೇಳುವುದಕ್ಕೆ ಮೊದಲು ಒಂದು ಕಾಫಿ ಕುಡಿದಳು. ಹಿಮದ ಗಾಡಿಗಳಲ್ಲಿ ಹೋದವರಿಗೆ ಲವೋನ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಸೇತುವೆಯ ಪಕ್ಕದ ಫರ್ ಮರದ ಬುಡದಲ್ಲಿ. ಜೀವ ಇತ್ತು. ಎಡಗಾಲಿನ ಪಾದ ಅರ್ಧ ಹೋಯಿತು, ಬಲಗಾಲಿನ ಬೆರಳುಗಳು ಹೋದವು.

ವಾರದ ಮೇಲೆ ಟ್ರೂಡಿ ಆಸ್ಪತ್ರೆಗೆ ಹೋದಳು. ಹಾಲಿಸ್ ಇದ್ದ ಆಸ್ಪತ್ರೆಯೇ, ಬೇರೆ ಮಹಡಿ. ಲವೋನ್ ದಿಂಬಿಗೆ ಒರಗಿಕೊಂಡು ಜೆಲ್ಲಿ ತಿನ್ನುತ್ತಿದ್ದಳು. ಚಮಚದಿಂದ ಅದು ಗದ್ದದ ಮೇಲೆ ಜಾರುತ್ತಿತ್ತು. ಟ್ರೂಡಿ ಬಟ್ಟಲು ತೆಗೆದುಕೊಂಡು ತಿನ್ನಿಸತೊಡಗಿದಳು. ಅರ್ಧ ಬಟ್ಟಲು ಮುಗಿಯಿತು.

"ಹಾರ್ನ್ ಹೊಡೆದಿದ್ದು ನೀನೇ" ಎಂದಳು ಲವೋನ್.

"ಹೌದು."

"ತಿರುಗಿಸ್ಕೊಂಡು ಹೋದೆ."

"ಹೌದು." ಟ್ರೂಡಿ ಅಕ್ಕನ ಗದ್ದ ಒರೆಸಿದಳು. "ಹಾಲಿಸ್‌ನ ಯಾಕೆ ಆ ದಾರಿಗೆ ಕಳ್ಸಿದೆ?"

ಲವೋನ್ ಯೋಚಿಸಿದಳು. ಸುಳ್ಳು ಹೇಳಬಹುದಿತ್ತು. ನಿನ್ನನ್ನು ಬಿಟ್ಟಿರಲು ಆಗುತ್ತಿರಲಿಲ್ಲ ಎಂದಿದ್ದರೆ ಸಾಕಾಗಿತ್ತು.

"ನೀನು ಹೋಗಿದ್ರೆ ಟ್ರೈಲರ್ ಎಳಿಯೋರು ಯಾರು?"

"ಅಷ್ಟೇನಾ?"

"ಇನ್ನೇನಿರ್ಬೇಕಿತ್ತು?"

ಟ್ರೂಡಿ ಚಮಚ ಹಿಡಿದು ಕಾದಳು. ಲವೋನ್ ಬಾಯಿ ತೆರೆದಳು, ಇನ್ನೊಂದು ತುತ್ತಿಗೆ. ಅದನ್ನು ತಿನ್ನಿಸಿ, ಬಟ್ಟಲನ್ನು ಮೇಜಿನ ಮೇಲೆ, ಅಕ್ಕನ ಕೈಗೆ ಎಟುಕದಷ್ಟು ದೂರದಲ್ಲಿಟ್ಟು ಟ್ರೂಡಿ ಎದ್ದಳು.

ಬಾಗಿಲ ಹೊರಗೆ ನರ್ಸ್ ಎದುರಾದಳು. ಚಿಕ್ಕ ವಯಸ್ಸಿನವಳು, ಯಾರಾದರೂ ಬಂದರಲ್ಲ ಎಂದು ಅವಳಿಗೆ ಖುಷಿಯಾಗಿತ್ತು.

"ಮುಂದಿನ ವಾರ ಇವ್ರನ್ನ ಎಲ್ಲಿಗಾದ್ರೂ ಕಳಿಸ್ಬೇಕು. ಒಬ್ರೇ ಇರೋಕೆ ಆಗಲ್ಲ. ಮನೆಯವ್ರು ಯಾರೂ ಬಂದಿರ್ಲಿಲ್ಲ. ನೀವು ಸಂಬಂಧಿಕರಾ?"

"ಇಲ್ಲ" ಎಂದಳು ಟ್ರೂಡಿ. "ಕಾಡಲ್ಲಿ ಅಕ್ಕಪಕ್ಕ ಬಿಡಾರ ಹಾಕಿದ್ವಿ, ಅಷ್ಟೆ."

"ಅವ್ರಿಗೆ ಯಾರಾದ್ರೂ ಇದಾರಾ, ಗೊತ್ತಾ ನಿಮ್ಗೆ?"

"ಒಬ್ಳು ತಂಗಿ ಇದ್ಲು ಅಂತ ಹೇಳ್ತಿದ್ರು. ಎಲ್ಲಿದಾಳೋ ಗೊತ್ತಿಲ್ಲ."

ಬಾಗಿಲು ತೆರೆದೇ ಇತ್ತು. ಲವೋನ್‌ಗೆ ಒಂದೊಂದು ಮಾತೂ ಕೇಳಿಸಿತು. ಕೂಗಿ ಕರೆಯಬಹುದಿತ್ತು, ಇವಳೇ ನನ್ನ ತಂಗಿ ಎಂದು ನರ್ಸ್‌ಗೆ ಹೇಳಬಹುದಿತ್ತು. ಅವಳು ಕರೆಯಲಿಲ್ಲ. ಟ್ರೂಡಿ ಮೆಟ್ಟಿಲಿಳಿದು ಹೋಗುವ ಸದ್ದು ನಿಲ್ಲುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದು, ಆಮೇಲೆ ಜೆಲ್ಲಿಯ ಬಟ್ಟಲಿಗೆ ಕೈ ಚಾಚಿದಳು.